ಹಳೇ ಸಿಸ್ಟಂ ಜಾಗಕ್ಕೆ ಲ್ಯಾಪ್‌ಟಾಪ್: ಕಡಿಮೆ ದುಡ್ಡಿನಲ್ಲಿ ಕೊಳ್ಳುವವರಿಗೆ

"ಮನೆಯಲ್ಲಿ ಹತ್ತು ವರ್ಷದ ಹಳೇ ಸಿಸ್ಟಂ ಇದೆ, ಆನ್ ಆಗೋಕೇ ಐದು ನಿಮಿಷ ಬೇಕು. ಮೂವತ್ತು ಸಾವಿರದೊಳಗೆ ಯಾವ ಲ್ಯಾಪ್‌ಟಾಪ್ ತಗೊಳ್ಳಲಿ?"

2025ರ ಅಕ್ಟೋಬರ್‌ನಿಂದ ಈಚೆಗೆ ಈ ಪ್ರಶ್ನೆ ಕೇಳುವವರು ಜಾಸ್ತಿಯಾಗಿದ್ದಾರೆ. ಆ ತಿಂಗಳ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತು. ಹೆಸರು ನೋಂದಾಯಿಸಿಕೊಂಡವರಿಗೆ ಮಾತ್ರ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುವ ಏರ್ಪಾಟಾಯಿತು. ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಬಹುಪಾಲಿಗೆ ವಿಂಡೋಸ್ 11 ಹತ್ತುವುದಿಲ್ಲ. ಹಾಗಾಗಿ ಎಲ್ಲರೂ ಒಟ್ಟಿಗೆ ಅಂಗಡಿ ಕಡೆ ಹೊರಟಿದ್ದಾರೆ.

ಯಾವುದಾದರೂ ಒಂದು ಮಾಡೆಲ್ ಹೆಸರು ಹೇಳಿ ನಾನು ಕೈತೊಳೆದುಕೊಳ್ಳಬಹುದು. ಆದರೆ ಒಂದೇ ಹೆಸರಿನ ಲ್ಯಾಪ್‌ಟಾಪ್ ನಾಲ್ಕಾರು ಬಗೆಯ ಒಳಗಿನ ಸಾಮಾನಿನೊಂದಿಗೆ ಮಾರಾಟಕ್ಕಿರುತ್ತದೆ. ಇವತ್ತು ಹೇಳಿದ್ದು ಮುಂದಿನ ದಸರಾ ಸೇಲ್ ಹೊತ್ತಿಗೆ ಸಿಗುವುದೂ ಇಲ್ಲ. ಅದಕ್ಕೇ ಆರಿಸುವ ಬಗೆಯನ್ನೇ ಬರೆಯುತ್ತಿದ್ದೇನೆ. ಡೆಸ್ಕ್‌ಟಾಪ್‌ನಲ್ಲಿ ಯಾವುದು ಸಾಲದೆ ಬಂದರೂ ಕ್ಯಾಬಿನೆಟ್ ಬಿಚ್ಚಿ ಬೇರೆಯದು ಹಾಕಿಸುತ್ತಿದ್ದಿರಿ. ಲ್ಯಾಪ್‌ಟಾಪ್‌ನಲ್ಲಿ ಆ ಸೌಕರ್ಯ ಕಡಿಮೆ. ಪ್ರೊಸೆಸರು, ಸ್ಕ್ರೀನು, ಕೆಲವದರಲ್ಲಿ ತೆರೆದಿಟ್ಟ ಕೆಲಸ ಹಿಡಿದಿಡುವ ಮೆಮೊರಿಯಾದ ರ‍್ಯಾಮ್ ಕೂಡ, ತಂದ ದಿನ ಹೇಗಿತ್ತೋ ಕೊನೇವರೆಗೂ ಹಾಗೇ. ಆದ್ದರಿಂದ ಆಮೇಲೆ ಬದಲಾಯಿಸಲು ಬಾರದ್ದಕ್ಕೆ ಮೊದಲು ದುಡ್ಡು ಹಾಕಿ, ಬದಲಾಯಿಸಬಹುದಾದದ್ದರಲ್ಲಿ ಉಳಿಸಿ. ಮುಂದೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ಹಂತ 1: ಹಳೇ ಸಿಸ್ಟಂ ಎದುರು ಕೂತು ಚೀಟಿ ಬರೆಯಿರಿ

ಜನ ನೇರ ಅಂಗಡಿಗೆ ಹೋಗುತ್ತಾರೆ. ಬೇಡ. ಮೊದಲು ಟೇಬಲ್ ಎಳೆದು ಕ್ಯಾಬಿನೆಟ್‌ನ ಬೆನ್ನು ನೋಡಿ. ಅಲ್ಲಿ ಏನೇನು ಚುಚ್ಚಿದೆಯೋ ಅದಷ್ಟೂ ನಾಳೆ ಲ್ಯಾಪ್‌ಟಾಪ್‌ಗೆ ಬೇಕಾಗುತ್ತದೆ.

ಮಾನಿಟರ್‌ನಿಂದ ಬರುವ ನೀಲಿ ಪ್ಲಗ್, ಎರಡು ಕಡೆ ಸ್ಕ್ರೂ ಇರುವಂಥದ್ದು, ವಿಜಿಎ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇದು ಇರುವುದಿಲ್ಲ, ಎಚ್‌ಡಿಎಂಐ ಇರುತ್ತದೆ. ಮಾನಿಟರ್ ಚೆನ್ನಾಗಿದ್ದರೆ ಬಿಸಾಡಬೇಡಿ, ಎಚ್‌ಡಿಎಂಐಯಿಂದ ವಿಜಿಎಗೆ ಕೊಡುವ ಕನ್ವರ್ಟರ್ ಸಾಕು. ಅಂಗಡಿಯಲ್ಲಿ ಕೇಳುವಾಗ ಯಾವುದರಿಂದ ಯಾವುದಕ್ಕೆ ಎಂದು ಬಿಡಿಸಿ ಹೇಳಿ. ವಿಜಿಎಯಿಂದ ಎಚ್‌ಡಿಎಂಐಗೆ ಕೊಡುವುದು ಬೇರೆಯದೇ ಸಾಮಾನು, ನೋಡಲು ಎರಡೂ ಒಂದೇ ಥರ. ಇನ್ನು, ಕೀಬೋರ್ಡಿನ ಪ್ಲಗ್ ದುಂಡಗೆ ನೇರಳೆ ಬಣ್ಣದ್ದಾಗಿದ್ದರೆ ಅದನ್ನು ಮರೆತುಬಿಡಿ, ಯುಎಸ್‌ಬಿಯದು ಕೊಳ್ಳಿ. ಇಂಟರ್‌ನೆಟ್ ಲ್ಯಾನ್ ಕೇಬಲ್‌ನಲ್ಲಿ ಬರುತ್ತಿದ್ದರೆ ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಕಿಂಡಿಯೂ ಇರುವುದಿಲ್ಲ ಎಂದು ಗುರುತು ಹಾಕಿಕೊಳ್ಳಿ.

ಆಮೇಲೆ ಪ್ರಿಂಟರ್. ಕ್ಯಾನನ್ ಎಲ್‌ಬಿಪಿ 2900, ಎಚ್‌ಪಿ ಲೇಸರ್‌ಜೆಟ್ 1020, ಇಂಥವು ನಮ್ಮ ಕಡೆಯ ಜೆರಾಕ್ಸ್ ಅಂಗಡಿ, ವಕೀಲರ ಕಚೇರಿಗಳಲ್ಲಿ ಇನ್ನೂ ದುಡಿಯುತ್ತಿವೆ. ಇಂಟೆಲ್ ಅಥವಾ ಎಎಂಡಿ ಪ್ರೊಸೆಸರಿನ ವಿಂಡೋಸ್ ಲ್ಯಾಪ್‌ಟಾಪ್ ಆದರೆ ಇವಕ್ಕೆ ದಾರಿಯಿದೆ. ಸ್ನ್ಯಾಪ್‌ಡ್ರ್ಯಾಗನ್ ಎಂದು ಬರೆದಿರುವ ವಿಂಡೋಸ್ ಲ್ಯಾಪ್‌ಟಾಪ್ ಆದರೆ ತೊಂದರೆ. ಅವು ಆರ್ಮ್ ಬಗೆಯ ಪ್ರೊಸೆಸರ್‌ಗಳು, ಫೋನಿನಲ್ಲಿರುವ ಜಾತಿಯವು. ಹಳೇ ಸಾಫ್ಟ್‌ವೇರನ್ನು ಅವು ಹೇಗೋ ಓಡಿಸುತ್ತವೆ, ಆದರೆ ಡ್ರೈವರ್ ಮಾತ್ರ ಅದಕ್ಕೆಂದೇ ಬರೆದದ್ದಾಗಿರಬೇಕು. ಡ್ರೈವರ್ ಅಂದರೆ ಪ್ರಿಂಟರಿನ ಮಾತನ್ನು ಕಂಪ್ಯೂಟರಿಗೆ ಅರ್ಥಮಾಡಿಸುವ ಚಿಕ್ಕ ತಂತ್ರಾಂಶ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಆಧಾರ್ ಬೆರಳಚ್ಚು ಯಂತ್ರ ಇಟ್ಟುಕೊಂಡವರಿಗೂ ಇದೇ ಎಚ್ಚರಿಕೆ. ಕ್ರೋಮ್‌ಬುಕ್ ಅಗ್ಗಕ್ಕೆ ಸಿಗುತ್ತದೆ ನಿಜ. ಅದರಲ್ಲಿ ವಿಂಡೋಸ್ ಇಲ್ಲ, ಕನ್ನಡ ಟೈಪಿಸುವ ನುಡಿ, ಲೆಕ್ಕ ಬರೆಯುವ ಟ್ಯಾಲಿ ಇನ್‌ಸ್ಟಾಲ್ ಆಗುವುದಿಲ್ಲ. ಬ್ರೌಸರ್ ಬಿಟ್ಟು ಬೇರೇನೂ ಮುಟ್ಟದವರಿಗೆ ಅಡ್ಡಿಯಿಲ್ಲ.

ಮೂರನೆಯದು, ದಿನಾ ತೆರೆಯುವ ಸಾಫ್ಟ್‌ವೇರ್‌ಗಳ ಹೆಸರು. ಪ್ರತಿಯೊಂದರ ಎದುರಿಗೂ ಅದರ ಸಿ.ಡಿ. ಅಥವಾ ಲೈಸೆನ್ಸ್ ನಂಬರ್ ಎಲ್ಲಿದೆ ಎಂದು ಬರೆಯಿರಿ. ಬರೆಯಲು ಏನೂ ತೋಚದಿದ್ದರೆ ಆ ಸಾಫ್ಟ್‌ವೇರ್ ಹೊಸ ಯಂತ್ರಕ್ಕೆ ಬರುವುದಿಲ್ಲ ಎಂದೇ ಲೆಕ್ಕ ಇಡಿ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ, ಅದರಲ್ಲಿ ವಿಂಡೋಸ್ 95ರ ಕಾಲದ 16 ಬಿಟ್ ಪ್ರೋಗ್ರಾಂಗಳು ಅಲ್ಲಾಡುವುದೇ ಇಲ್ಲ.

ಕೊನೆಗೆ ಸಿ ಮತ್ತು ಡಿ ಡ್ರೈವ್‌ಗಳ ಮೇಲೆ ರೈಟ್ ಕ್ಲಿಕ್ ಮಾಡಿ, ಎಷ್ಟು ಜಿಬಿ ತುಂಬಿದೆ ನೋಡಿ. 1 ಟಿಬಿ ಡಿಸ್ಕ್ ಇದ್ದರೂ ತುಂಬಿರುವುದು 90 ಜಿಬಿ ಇರಬಹುದು. ಅಂಥವರು 1 ಟಿಬಿಯದೇ ಬೇಕೆಂದು ಹಠ ಹಿಡಿಯಬೇಕಾಗಿಲ್ಲ.

ಹಂತ 2: ಕೊಳ್ಳುವುದು ನಿಜಕ್ಕೂ ಬೇಕೇ?

ನಿಮ್ಮ ಡೆಸ್ಕ್‌ಟಾಪ್ 2018ರ ಈಚಿನದಾಗಿದ್ದು ನಿಧಾನ ಎಂಬುದಷ್ಟೇ ದೂರಾದರೆ, ಒಂದು 256 ಜಿಬಿ ಎಸ್‌ಎಸ್‌ಡಿ ಹಾಕಿಸಿ ನೋಡಿ. ಎಸ್‌ಎಸ್‌ಡಿ ಅಂದರೆ ಒಳಗೆ ತಿರುಗುವ ತಟ್ಟೆಯಿಲ್ಲದ, ಪೆನ್‌ಡ್ರೈವ್ ಥರ ಚಿಪ್ಪಿನಲ್ಲೇ ಬರೆದಿಡುವ ಡಿಸ್ಕ್. ಐದು ನಿಮಿಷ ಎಳೆಯುತ್ತಿದ್ದ ಯಂತ್ರ ಅರ್ಧ ನಿಮಿಷದಲ್ಲಿ ಏಳುತ್ತದೆ. ಅದಕ್ಕಿಂತ ಹಳೆಯದಾದರೆ, ಅಥವಾ ಎರಡು ಮೂರು ವರ್ಷಕ್ಕೊಮ್ಮೆ ಯುಪಿಎಸ್ ಬ್ಯಾಟರಿಗೆ ದುಡ್ಡು ಸುರಿದು ಬೇಸತ್ತಿದ್ದರೆ, ಮುಂದೆ ಓದಿ. ಕರೆಂಟ್ ಹೋದಾಗ ಕೀಂ ಎನ್ನುವ ಯುಪಿಎಸ್ ಮುಂದೆ ಅವಸರವಸರವಾಗಿ ಸೇವ್ ಒತ್ತುವುದು ತಪ್ಪುತ್ತದೆ ಎಂಬುದೇ ಹಳ್ಳಿ ಕಡೆಯವರು ಲ್ಯಾಪ್‌ಟಾಪ್‌ಗೆ ಹೋಗಲು ಸಾಕಾದ ಕಾರಣ.

ಹಂತ 3: ಹೊಸದೋ, ರಿಫರ್ಬಿಶ್ಡೋ?

ಇಲ್ಲಿ ನನ್ನ ಪಕ್ಷಪಾತ ಬಿಚ್ಚಿ ಹೇಳಿಬಿಡುತ್ತೇನೆ. ಕೈಯಲ್ಲಿರುವುದು 25,000 ರೂಪಾಯಿಯೊಳಗಾದರೆ ಹೊಸದರ ಆಸೆ ಬಿಡಿ. ಆ ದುಡ್ಡಿಗೆ ಹೊಸದಾಗಿ ತೋರಿಸುವುದು ಸಾಮಾನ್ಯವಾಗಿ ಎರಡು ಕೋರ್‌ನ ಸೆಲೆರಾನ್ ಎಂಬ ಅಗ್ಗದ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಅಥವಾ 128 ಜಿಬಿ ಇಎಂಎಂಸಿ. ಇಎಂಎಂಸಿ ಎಂದರೆ ಬೋರ್ಡಿಗೇ ಬೆಸೆದ ಅಗ್ಗದ ಸಂಗ್ರಹ ಚಿಪ್, ಎಸ್‌ಎಸ್‌ಡಿಗಿಂತ ಬಹಳ ನಿಧಾನ. ತುಂಬಿದರೆ ಬದಲಾಯಿಸಲು ಬರುವುದಿಲ್ಲ. 64 ಜಿಬಿಯಲ್ಲಿ ವಿಂಡೋಸೇ ಅರ್ಧದಷ್ಟು ಜಾಗ ನುಂಗಿ, ದೊಡ್ಡ ಅಪ್‌ಡೇಟ್ ಬಂದಾಗ ಜಾಗ ಸಾಲದೆ ಒದ್ದಾಡುತ್ತದೆ. ಡಬ್ಬಿಯ ಪ್ಲಾಸ್ಟಿಕ್ ವಾಸನೆ ಹೋಗುವ ಮುಂಚೆಯೇ ಹಳೇ ಸಿಸ್ಟಮ್ಮೇ ವಾಸಿ ಅನ್ನಿಸುತ್ತದೆ.

ಅದೇ ದುಡ್ಡಿಗೆ ಕಂಪನಿಗಳಲ್ಲಿ ಮೂರು ನಾಲ್ಕು ವರ್ಷ ದುಡಿದು ಹೊರಬಂದ ಆಫೀಸ್ ಲ್ಯಾಪ್‌ಟಾಪ್ ಸಿಗುತ್ತದೆ. ಲೆನೊವೊ ಥಿಂಕ್‌ಪ್ಯಾಡ್ ಟಿ ಸರಣಿ, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್, ಈ ಮೂರು ಹೆಸರು ನೆನಪಿಡಿ. ಇವು ಹೊಸದಾಗಿದ್ದಾಗ ದುಬಾರಿ ಯಂತ್ರಗಳು. ಕೀಲು ಗಟ್ಟಿ, ಕೀಬೋರ್ಡ್ ಒಳ್ಳೇದು, ತಳದ ಸ್ಕ್ರೂ ಬಿಚ್ಚಿದರೆ ಬ್ಯಾಟರಿ, ಎಸ್‌ಎಸ್‌ಡಿ ಸಿಗುತ್ತವೆ. ಬೆಂಗಳೂರಿನ ಐಟಿ ಕಂಪನಿಗಳು ಲೀಸ್ ಮುಗಿದ ಯಂತ್ರಗಳನ್ನು ರಾಶಿರಾಶಿಯಾಗಿ ಹೊರಹಾಕುವುದರಿಂದ ಎಸ್.ಪಿ. ರೋಡ್‌ನಂಥ ಕಡೆ ಇವಕ್ಕೆ ಬರವಿಲ್ಲ.

ರಿಫರ್ಬಿಶ್ಡ್ ಎಂದರೆ ಬಳಸಿದ್ದನ್ನು ಪರೀಕ್ಷಿಸಿ, ಕೆಟ್ಟ ಭಾಗ ಬದಲಿಸಿ, ವಾರಂಟಿ ಕೊಟ್ಟು ಮಾರುವುದು. ಒರೆಸಿ ಹೊಳಪು ಬರಿಸಿ ಮಾರುವುದಕ್ಕೂ ಇದೇ ಹೆಸರಿಟ್ಟಿದ್ದಾರೆ. ವ್ಯತ್ಯಾಸ ಗೊತ್ತಾಗುವುದು ಬಿಲ್ಲಿನಲ್ಲಿ: ಕನಿಷ್ಠ ಮೂರು ತಿಂಗಳು, ಸಾಧ್ಯವಾದರೆ ಒಂದು ವರ್ಷದ ವಾರಂಟಿ ಬರಹದಲ್ಲಿ ಕೊಡದವರು ಮಾರುವುದು ಬರೀ ಸೆಕೆಂಡ್ ಹ್ಯಾಂಡ್.

35,000ದ ಮೇಲೆ ಹೋಗಬಲ್ಲಿರಾದರೆ ಹೊಸದೇ ತೆಗೆದುಕೊಳ್ಳಿ. ಬ್ಯಾಟರಿ ಹೊಸದು, ವಾರಂಟಿ ಪೂರ್ತಿ. ನಡುವಿನ ಹತ್ತು ಸಾವಿರ ಇದೆಯಲ್ಲ, ಎಲ್ಲರೂ ಗೊಂದಲಕ್ಕೆ ಬೀಳುವುದು ಅಲ್ಲೇ. ಕಂಪ್ಯೂಟರ್ ಗೊತ್ತಿರುವವರು ಹತ್ತಿರ ಯಾರೂ ಇಲ್ಲದ ವಯಸ್ಸಾದವರಿಗಾದರೆ ನಾನು ಹೊಸದನ್ನೇ ಹೇಳುತ್ತೇನೆ, ಸ್ವಲ್ಪ ಮಂದ ಆದರೂ ಪರವಾಗಿಲ್ಲ. ಕೇಳಲು ಒಂದು ಸರ್ವಿಸ್ ನಂಬರ್ ಇರುತ್ತದೆ.

ಹಂತ 4: ಲ್ಯಾಪ್‌ಟಾಪ್ ಜೊತೆಗಿನ ವಿವರದ ಚೀಟಿ ಓದುವುದು

*ಪ್ರೊಸೆಸರ್.* "ಐ5 ಇದೆ ಸರ್" ಎಂಬ ಮಾತಿಗೆ ಅರ್ಥವೇ ಇಲ್ಲ. ಐ5 ಎಂಬ ಹೆಸರು 2009ರಿಂದ ಇದೆ. ಅದರ ಮುಂದಿನ ಅಂಕಿ ಕೇಳಿ. ಐ5-6300ಯು ಎಂದರೆ ಆರನೇ ಜನರೇಷನ್, ಐ5-8350ಯು ಎಂದರೆ ಎಂಟನೆಯದು, ಐ5-1135ಜಿ7 ಎಂದರೆ ಹನ್ನೊಂದನೆಯದು. ನಿಮಗೆ ಬೇಕಾದದ್ದು ಎಂಟು ಅಥವಾ ಅದರ ಮೇಲಿನದು. ಇದಕ್ಕೆ ಎರಡು ಕಾರಣ. ಒಂದು, ವಿಂಡೋಸ್ 11 ಅಧಿಕೃತವಾಗಿ ಒಪ್ಪುವ ಇಂಟೆಲ್ ಪ್ರೊಸೆಸರ್‌ಗಳು, ಬೆರಳೆಣಿಕೆಯ ಏಳನೆಯವನ್ನು ಬಿಟ್ಟರೆ, ಎಂಟನೇ ಜನರೇಷನ್‌ನಿಂದ ಶುರು. ಎರಡು, ತೆಳ್ಳನೆ ಲ್ಯಾಪ್‌ಟಾಪ್‌ಗಳ ಐ5ನಲ್ಲಿ ಏಳನೇ ಜನರೇಷನ್‌ವರೆಗೂ ಇದ್ದದ್ದು ಎರಡೇ ಕೋರ್, ಎಂಟರಲ್ಲಿ ನಾಲ್ಕಾಯಿತು. ಕೋರ್ ಎಂದರೆ ಒಂದೇ ಅಡುಗೆಮನೆಯಲ್ಲಿ ನಿಂತ ಕೈಗಳು ಎಂದುಕೊಳ್ಳಿ. ಎರಡು ಕೈಯಲ್ಲಿ ನಡೆಯುತ್ತಿದ್ದ ಕೆಲಸಕ್ಕೆ ನಾಲ್ಕು ಕೈ ಬಂತು.

ವಿಂಡೋಸ್ 11ನ್ನು ಆರನೇ ಜನರೇಷನ್‌ಗೂ ಹೇಗೋ ತೂರಿಸಿ ಮಾರುವವರಿದ್ದಾರೆ. ಆನ್ ಮಾಡಿದರೆ ಚೆನ್ನಾಗಿಯೇ ಕಾಣುತ್ತದೆ. ಮುಂದಿನ ದೊಡ್ಡ ಅಪ್‌ಡೇಟ್ ಬಾರದೆ ನಿಂತಾಗ ಅಂಗಡಿಯವರು ಫೋನ್ ಎತ್ತುವುದಿಲ್ಲ. ಥಿಂಕ್‌ಪ್ಯಾಡ್ ಟಿ480, ಲ್ಯಾಟಿಟ್ಯೂಡ್ 7490, ಎಲೈಟ್‌ಬುಕ್ 840 ಜಿ5, ಇವು ಎಂಟನೇ ಜನರೇಷನ್ ಕಾಲದವು. ಆದರೂ ಕೆಲವು ಏಳನೇ ಜನರೇಷನ್ ಪ್ರೊಸೆಸರ್ ಹೊತ್ತು ಬಂದಿವೆ, ಮಾಡೆಲ್ ಹೆಸರು ನಂಬಿ ಕೂರಬೇಡಿ.

ಹೊಸದರಲ್ಲಾದರೆ ಇಂಟೆಲ್ ಐ3-1215ಯು ಈ ಬೆಲೆಗೆ ಒಳ್ಳೆಯ ಅಳತೆಗೋಲು: ಆರು ಕೋರ್. ಅದೇ ಐ3 ಹೆಸರಿನ 1115ಜಿ4ರಲ್ಲಿ ಇರುವುದು ಎರಡೇ. ಎಎಂಡಿಯವರದು ಇನ್ನೊಂದು ಕಥೆ. ರೈಜೆನ್ 3 7320ಯು ಎಂಬ ನಂಬರ್ ನೋಡಿ ಏಳು ಸಾವಿರದ ಸರಣಿ, ಹೊಸದು ಅಂದುಕೊಳ್ಳುತ್ತೀರಿ. ಈ ಏಳು ಸಾವಿರದ ಸರಣಿಯಲ್ಲಿ ನೋಡಬೇಕಾದ್ದು ಮೂರನೇ ಅಂಕಿ. 2 ಇದ್ದರೆ ಒಳಗಿರುವುದು 2019ರ ವಿನ್ಯಾಸ. 7330ಯುನಂತೆ 3 ಇದ್ದರೆ ಅದಕ್ಕಿಂತ ಮುಂದಿನದು. 7320ಯು ಕೆಟ್ಟದ್ದಲ್ಲ, ಟೈಪಿಂಗು, ಬ್ಯಾಂಕು, ಯೂಟ್ಯೂಬಿಗೆ ಸಾಕು. ಆದರೆ ಅದರ ಜೊತೆ ಬರುವ ರ‍್ಯಾಮ್ ಬೋರ್ಡಿಗೆ ಬೆಸೆದಿರುತ್ತದೆ.

*ರ‍್ಯಾಮ್.* 8 ಜಿಬಿಗಿಂತ ಕಡಿಮೆ ಮುಟ್ಟಬೇಡಿ. ವಿಂಡೋಸ್ 11ಕ್ಕೆ 4 ಜಿಬಿ ಸಾಕು ಎಂದು ಮೈಕ್ರೋಸಾಫ್ಟೇ ಬರೆದಿದೆ. ಆನ್ ಆಗಲು ಸಾಕು, ಕೆಲಸಕ್ಕಲ್ಲ. "ಒಳಗೆ ರ‍್ಯಾಮ್ ಹಾಕಲು ಖಾಲಿ ಸ್ಲಾಟ್ ಇದೆಯಾ, ಇಲ್ಲ ಬೆಸೆದದ್ದಾ?" ಎಂದು ಕೇಳಿ. ಬೆಸೆದದ್ದಾದರೆ 16 ಜಿಬಿಯದನ್ನೇ ಹುಡುಕಿ, ಇಲ್ಲವೇ 8 ಜಿಬಿಯೇ ಕೊನೆ ಎಂದು ಒಪ್ಪಿಕೊಂಡು ಕೊಳ್ಳಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರುವುದರಿಂದ "ಆಮೇಲೆ ಹಾಕಿಸಿಕೊಂಡರಾಯಿತು" ಎಂಬ ಹಳೇ ಉಪಾಯ ಈಗ ಅಷ್ಟು ಅಗ್ಗವಲ್ಲ.

*ಎಸ್‌ಎಸ್‌ಡಿ.* 256 ಜಿಬಿ ಇದ್ದರೆ ಶುರುಮಾಡಲು ಸಾಕು. ಇದೊಂದನ್ನು ಆಮೇಲೂ ಬದಲಾಯಿಸಬಹುದು, ಆದ್ದರಿಂದ ಉಳಿಸುವುದಾದರೆ ಇಲ್ಲಿ ಉಳಿಸಿ. ತಿರುಗುವ ಹಾರ್ಡ್ ಡಿಸ್ಕ್ ಮಾತ್ರ ಇರುವ ಲ್ಯಾಪ್‌ಟಾಪನ್ನು ಬಿಟ್ಟಿ ಕೊಟ್ಟರೆ ಮಾತ್ರ ತನ್ನಿ.

*ಸ್ಕ್ರೀನ್.* ಅಗ್ಗದ ಲ್ಯಾಪ್‌ಟಾಪ್‌ಗಳು ನಿಜವಾಗಿ ಕೈಕೊಡುವುದು ಇಲ್ಲಿ, ಜನ ನೋಡದೇ ಬಿಡುವುದೂ ಇದನ್ನೇ. ಬೇಕಾದದ್ದು 1920×1080, ಫುಲ್ ಎಚ್‌ಡಿ. 1366×768 ಬೇಡ. ಆಫೀಸ್ ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ಮಾಡೆಲ್ ಎರಡೂ ಬಗೆಯಲ್ಲಿ ಬಂದಿದೆ, ಟಿ480 ಕೂಡ. ಐಪಿಎಸ್ ಎಂದಿದ್ದರೆ ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ಟಿಎನ್ ಎಂದಿದ್ದರೆ ಸ್ವಲ್ಪ ಬಗ್ಗಿಸಿದರೂ ಮುಖಗಳು ಫೋಟೋ ನೆಗೆಟಿವ್‌ನಂತೆ ಕಾಣುತ್ತವೆ.

ಕನ್ನಡ ಓದುವವರಿಗೆ ಒಂದು ಪರೀಕ್ಷೆ ಹೇಳುತ್ತೇನೆ, ಇದನ್ನು ಯಾವ ಇಂಗ್ಲಿಷ್ ರಿವ್ಯೂನಲ್ಲೂ ಬರೆಯುವುದಿಲ್ಲ. ಬ್ರೌಸರ್‌ನಲ್ಲಿ ಯಾವುದಾದರೂ ಕನ್ನಡ ಪುಟ ತೆರೆದು ಅಳತೆ 100ರಲ್ಲೇ ಇಟ್ಟು "ರಾಷ್ಟ್ರೀಯ", "ಸ್ವಾತಂತ್ರ್ಯ", "ಲಕ್ಷ್ಮಿ"ಯಂಥ ಪದ ಹುಡುಕಿ. ತಂತ್ರ್ಯದ ಕೆಳಗೆ ಎರಡು ಒತ್ತು ಒಂದರ ಮೈಮೇಲೊಂದು ಬೀಳುತ್ತವಲ್ಲ, ಅವು ಬಿಡಿಬಿಡಿಯಾಗಿ ಕಾಣಬೇಕು. ಕಡಿಮೆ ಚುಕ್ಕಿಯ ಸ್ಕ್ರೀನಿನಲ್ಲಿ ಅಲ್ಲೊಂದು ಕಪ್ಪು ಹೆಪ್ಪು ಕಾಣುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವ ಸ್ಕ್ರೀನು ನಮ್ಮ ಒತ್ತಕ್ಷರಕ್ಕೆ ಸಾಲದು. ದಿನಕ್ಕೆ ನಾಲ್ಕು ಗಂಟೆ ಕಣ್ಣು ಕಿರಿದು ಮಾಡಿ ಓದುವ ಬದಲು ಎರಡು ಸಾವಿರ ಹೆಚ್ಚು ಕೊಡಿ. ಡಿಟಿಪಿ ಮಾಡುವವರು ಬಣ್ಣದ ಲೆಕ್ಕವನ್ನೂ ನೋಡಿ: 45 ಶೇಕಡ ಎನ್‌ಟಿಎಸ್‌ಸಿ ಎಂದು ಬರೆದಿದ್ದರೆ ಬಣ್ಣ ತೊಳೆದ ಹಾಗೆ ಪೇಲವ. ಮದುವೆ ಕಾರ್ಡಿನ ಕುಂಕುಮದ ಕೆಂಪನ್ನು ಅದರಲ್ಲಿ ನಂಬಿ ಪ್ರಿಂಟಿಗೆ ಕಳಿಸಬೇಡಿ.

*ಅಳತೆ.* ಲೆಕ್ಕಪತ್ರ ಬರೆಯುವವರು 15.6 ಇಂಚಿನದು ನೋಡಿ, ಬಲಗಡೆ ಅಂಕಿಗಳ ಕೀಲಿಗಳು ಬೇರೆಯಾಗಿ ಇರುತ್ತವೆ. 14 ಇಂಚಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಹಂತ 5: ಅಂಗಡಿಯಲ್ಲಿ ಇಪ್ಪತ್ತು ನಿಮಿಷ

ರಿಫರ್ಬಿಶ್ಡ್ ಕೊಳ್ಳುವವರಿಗೆ ಇದು. ಹಿಂದೆ ನಾಲ್ಕು ಜನ ಕಾಯುತ್ತಿದ್ದರೂ ಮುಲಾಜು ನೋಡಬೇಡಿ. ಒಂದು ಪೆನ್‌ಡ್ರೈವ್, ಇಯರ್‌ಫೋನ್, ಫೋನಿನ ಹಾಟ್‌ಸ್ಪಾಟ್ ಸಿದ್ಧವಿರಲಿ.

1. ಆಫ್ ಆಗಿರುವ ಯಂತ್ರವನ್ನು ನೀವೇ ಆನ್ ಮಾಡಿ ಬಯಾಸ್‌ಗೆ ಹೋಗಿ. ಬಯಾಸ್ ಎಂದರೆ ವಿಂಡೋಸ್ ಏಳುವ ಮುಂಚಿನ ಯಂತ್ರದ ಸ್ವಂತ ಸೆಟ್ಟಿಂಗ್. ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10. ಪಾಸ್‌ವರ್ಡ್ ಕೇಳಿತೆಂದರೆ ಎದ್ದು ಬನ್ನಿ. "ಅದೇನೂ ತೊಂದರೆಯಿಲ್ಲ" ಎನ್ನುತ್ತಾರೆ. ತೊಂದರೆ ಇಲ್ಲದಿದ್ದರೆ ಅವರೇ ತೆಗೆದು ಕೊಡಲಿ. ಸೀರಿಯಲ್ ನಂಬರ್ ಇಲ್ಲೇ ಕಾಣುತ್ತದೆ, ತಳದ ಲೇಬಲ್ಲಿಗೆ ತಾಳೆ ನೋಡಿ.

2. ಬ್ಯಾಟರಿ. ಸ್ಟಾರ್ಟ್‌ನಲ್ಲಿ ಸಿಎಂಡಿ ಎಂದು ಹುಡುಕಿ ಕಪ್ಪು ಕಿಟಕಿ ತೆರೆಯಿರಿ. ಪವರ್‌ಸಿಎಫ್‌ಜಿ ಎಂದು ಇಂಗ್ಲಿಷಿನಲ್ಲಿ ಹೊಡೆದು, ಒಂದು ಜಾಗ ಬಿಟ್ಟು, ಓರೆ ಗೀಟು (/) ಹಾಕಿ, ಬ್ಯಾಟರಿರಿಪೋರ್ಟ್ ಎಂದು ಒಂದೇ ಪದವಾಗಿ ಹೊಡೆದು ಎಂಟರ್ ಒತ್ತಿ. ವರದಿ ಎಲ್ಲಿ ಉಳಿಯಿತೆಂದು ಅದೇ ತೋರಿಸುತ್ತದೆ. ಅದರಲ್ಲಿ ಡಿಸೈನ್ ಕೆಪ್ಯಾಸಿಟಿ ಎಂದರೆ ಹುಟ್ಟಿದಾಗಿನ ಶಕ್ತಿ, ಫುಲ್ ಚಾರ್ಜ್ ಕೆಪ್ಯಾಸಿಟಿ ಎಂದರೆ ಇವತ್ತು ಉಳಿದದ್ದು. 48,000ದಲ್ಲಿ 38,000 ಉಳಿದಿದ್ದರೆ ಕಣ್ಣುಮುಚ್ಚಿ ತಗೊಳ್ಳಿ. ಅರ್ಧಕ್ಕಿಂತ ಕೆಳಗಿದ್ದರೆ ಬ್ಯಾಟರಿ ಬದಲಿಸಿ ಕೊಡಲು ಕೇಳಿ, ಇಲ್ಲವೇ ಅಷ್ಟು ದುಡ್ಡು ಇಳಿಸಲಿ. ಟಿ480ಯಲ್ಲಿ ಬ್ಯಾಟರಿ ಎರಡು, ಒಳಗೊಂದು ಹಿಂದೊಂದು. ಎರಡರ ಲೆಕ್ಕವೂ ನೋಡಿ.

3. ನೋಟ್‌ಪ್ಯಾಡ್ ತೆರೆದು ಒಂದೊಂದೇ ಕೀ ಒತ್ತಿ. ನುಡಿಯ ಕೆಜಿಪಿ ಎಂಬ ಕೀಲಿ ವಿನ್ಯಾಸದಲ್ಲಿ ಟೈಪಿಸುವವರು ಎಫ್ ಕೀಯನ್ನು ವಿಶೇಷವಾಗಿ ಗಮನಿಸಿ. ಪ್ರತಿ ಒತ್ತಕ್ಷರಕ್ಕೂ ಅದನ್ನು ಒತ್ತಲೇಬೇಕು. ಐದು ಸಲಕ್ಕೊಮ್ಮೆ ಕೈಕೊಡುವ ಎಫ್ ಇರುವ ಕೀಬೋರ್ಡಿನಲ್ಲಿ 'ಅಮ್ಮ' 'ಅಮಮ' ಆಗುತ್ತಾಳೆ.

4. ನೋಟ್‌ಪ್ಯಾಡನ್ನು ದೊಡ್ಡದು ಮಾಡಿ ಪೂರ್ತಿ ಬಿಳಿ ಪರದೆ ನೋಡಿ: ಕಪ್ಪು ಚುಕ್ಕಿ, ಬೆರಳೊತ್ತಿದಂಥ ಬಿಳಿ ಮಚ್ಚೆ, ಹಳದಿ ಅಂಚು. ಮುಚ್ಚಳವನ್ನು ಮೂಲೆಯಲ್ಲಿ ಹಿಡಿದು ನಿಧಾನ ತೆರೆದು ಮುಚ್ಚಿ. ಕಿರ್ ಎಂದರೆ, ಅಥವಾ ಕೀಲಿನ ಬಳಿ ಪ್ಲಾಸ್ಟಿಕ್ ಬಾಯಿಬಿಟ್ಟಿದ್ದರೆ ಬೇಡ.

5. ಪೆನ್‌ಡ್ರೈವನ್ನು ಪ್ರತಿ ಯುಎಸ್‌ಬಿಗೂ ಹಾಕಿ. ಕ್ಯಾಮೆರಾ, ಮೈಕು, ಸ್ಪೀಕರು ನೋಡಿ. ಚಾರ್ಜರ್ ಚುಚ್ಚಿ ಅಲ್ಲಾಡಿಸಿ, ಚಾರ್ಜಿಂಗ್ ಗುರುತು ಹೋಗಿಬಂದು ಮಾಡಬಾರದು.

6. ಇದು ಮುಖ್ಯ. ವಿಂಡೋಸನ್ನು ನಿಮ್ಮೆದುರಿಗೇ ರಿಸೆಟ್ ಮಾಡಿಸಿ, ಮೊದಲ ಸೆಟಪ್ಪನ್ನು ಹಾಟ್‌ಸ್ಪಾಟ್‌ಗೆ ಜೋಡಿಸಿಯೇ ನಡೆಸಿ. ಯಾವುದೋ ಕಂಪನಿಯ ಹೆಸರು ತೋರಿಸಿ ಅಲ್ಲಿಯ ಲಾಗಿನ್ ಕೇಳಿದರೆ ಆ ಯಂತ್ರ ಇನ್ನೂ ಆ ಕಂಪನಿಯ ಪಟ್ಟಿಯಲ್ಲಿದೆ ಎಂದರ್ಥ. ಇಂಟರ್‌ನೆಟ್ ಇಲ್ಲದೆ ಸೆಟಪ್ ಮಾಡಿದರೆ ಇದು ಕಾಣುವುದಿಲ್ಲ. ಆರು ತಿಂಗಳ ಮೇಲೆ ಫಾರ್ಮ್ಯಾಟ್ ಮಾಡಿದ ದಿನ ಎದ್ದು ಕೂರುತ್ತದೆ. ರಿಸೆಟ್‌ಗೆ ಹಿಡಿಯುವ ಹೊತ್ತು ಇಪ್ಪತ್ತು ನಿಮಿಷದಲ್ಲಿ ಸೇರಿಲ್ಲ, ಆ ಬಿಡುವಿನಲ್ಲಿ ಟೀ ಕುಡಿದು ಬನ್ನಿ, ಆದರೆ ಯಂತ್ರ ಕಣ್ಣೆದುರಿಗಿರಲಿ.

ಹಂತ 6: ದುಡ್ಡು ಕೊಡುವ ಮುಂಚೆ

"ಬಿಲ್ ಬೇಕಾ ಸರ್, ಬಿಲ್ ಇಲ್ಲದಿದ್ದರೆ ಕಮ್ಮಿ ಆಗುತ್ತೆ" ಎಂಬ ಪ್ರಶ್ನೆಗೆ ಉತ್ತರ: ಬೇಕು. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಲಿ. ಕಳವಿನ ಮಾಲು ನಿಮ್ಮ ಕೈಗೆ ಬಂದಿದ್ದರೆ ನಿಮ್ಮ ಬಳಿ ಇರುವ ಒಂದೇ ರಕ್ಷಣೆ ಅದು. ಲ್ಯಾಪ್‌ಟಾಪ್‌ಗೆ ಜಿಎಸ್‌ಟಿ 18 ಶೇಕಡ. ವ್ಯಾಪಾರಕ್ಕೆಂದು ಕೊಳ್ಳುವ ಜಿಎಸ್‌ಟಿ ನೋಂದಣಿ ಇರುವವರು ತಮ್ಮ ನಂಬರ್ ಹಾಕಿಸಿಕೊಂಡರೆ ಆ ಮೊತ್ತ ಇನ್‌ಪುಟ್ ಕ್ರೆಡಿಟ್ ಆಗಿ ಬರುತ್ತದೆ. ಬಿಲ್ ಬಿಟ್ಟು ಉಳಿಸುವುದಕ್ಕಿಂತ ಅದೇ ಲಾಭ.

ಹೊಸದು ಕೊಳ್ಳುವವರು ವಾರಂಟಿ ಆನ್‌ಸೈಟೋ ಕ್ಯಾರಿ-ಇನ್ನೋ ಕೇಳಿ. ಆನ್‌ಸೈಟ್ ಎಂದರೆ ಅವರೇ ಮನೆಗೆ ಬರುತ್ತಾರೆ. ಕ್ಯಾರಿ-ಇನ್ ಎಂದರೆ ನೀವು ಹೊತ್ತುಕೊಂಡು ಹೋಗಬೇಕು. ತಾಲೂಕು ಕೇಂದ್ರದಲ್ಲಿರುವವರಿಗೆ ಇದು ಬಸ್ಸು ಹಿಡಿದು ಹುಬ್ಬಳ್ಳಿಗೋ ಮೈಸೂರಿಗೋ ಎರಡು ಸಲ ಅಲೆಯುವ ಮಾತು, ಒಮ್ಮೆ ಕೊಡಲು, ಒಮ್ಮೆ ತರಲು.

ವಿಂಡೋಸ್ ಲೈಸೆನ್ಸ್ ವಿಷಯ. ಡಾಸ್ ಎಂದು ಬರೆದ ಹೊಸ ಲ್ಯಾಪ್‌ಟಾಪ್ ಕೆಲವು ಸಾವಿರ ಅಗ್ಗ. ಅದರಲ್ಲಿ ವಿಂಡೋಸ್ ಇಲ್ಲ, ಪ್ರತ್ಯೇಕ ಕೊಳ್ಳಬೇಕು. ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕುವವರಿಗೆ ಇದೇ ಸರಿ, ಕನ್ನಡದ ಕೆಜಿಪಿ ವಿನ್ಯಾಸವೂ ಅಲ್ಲಿ ಸಿಗುತ್ತದೆ. ಆದರೆ ಚೀಟಿಯಲ್ಲಿ ಬರೆದ ಪ್ರಿಂಟರ್ ಎಲ್‌ಬಿಪಿ 2900 ಆಗಿದ್ದರೆ ಲಿನಕ್ಸ್‌ನಲ್ಲಿ ಒದ್ದಾಡುತ್ತೀರಿ. ವಿಂಡೋಸ್ ಹೋಂ ಎಸ್ ಮೋಡ್ ಎಂದಿದ್ದರೆ ಗಾಬರಿ ಬೇಡ. ಅದರಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನ ಆ್ಯಪ್ ಮಾತ್ರ ಹಾಕಲು ಬರುತ್ತದೆ, ನುಡಿ ಹಾಕಿದರೆ ಬೇಡವೆನ್ನುತ್ತದೆ. ಸೆಟ್ಟಿಂಗ್ಸ್‌ನಿಂದ ಪುಕ್ಕಟೆ ಹೊರಬರಬಹುದು, ಮತ್ತೆ ಒಳಗೆ ಹೋಗಲು ಬರುವುದಿಲ್ಲ ಅಷ್ಟೆ. ರಿಫರ್ಬಿಶ್ಡ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಷನ್ ತೆರೆಯಿರಿ. ಡಿಜಿಟಲ್ ಲೈಸೆನ್ಸ್ ಎಂದಿರಬೇಕು. ನಿಮ್ಮ ಸಂಸ್ಥೆಯ ಆಕ್ಟಿವೇಷನ್ ಸೇವೆಯಿಂದ ಎಂಬರ್ಥದ ಸಾಲು ಕಂಡರೆ ಅದು ಕಳ್ಳ ಲೈಸೆನ್ಸ್ ಇರುವ ಸಂಭವವೇ ಹೆಚ್ಚು.

ಹಂತ 7: ಮನೆಗೆ ತಂದ ಮೇಲೆ

ಮೊದಲ ಸಲ ಚಾರ್ಜಿಗೆ ಹಾಕುವಾಗ ಮೂರು ಪಿನ್‌ನ ಪ್ಲಗ್ಗನ್ನು ಎರಡು ಪಿನ್‌ಗೆ ಇಳಿಸುವ ಅಡಾಪ್ಟರ್ ಬಳಸಬೇಡಿ. ಅರ್ತಿಂಗ್ ಇಲ್ಲದ ಹಳೇ ಮನೆಗಳಲ್ಲಿ ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದರೆ ಕೈಗೆ ಜುಮ್ ಎನ್ನುತ್ತದೆ. ಯಂತ್ರದ ದೋಷವಲ್ಲ, ಎಲೆಕ್ಟ್ರಿಷಿಯನ್‌ಗೆ ಹೇಳಿ.

ಸೆಟಪ್‌ನಲ್ಲಿ ಮೈಕ್ರೋಸಾಫ್ಟ್ ಖಾತೆ ಮಾಡಿಸಿಕೊಳ್ಳುತ್ತದೆ. ಹೆಸರು, ಪಾಸ್‌ವರ್ಡ್ ಕಾಗದದಲ್ಲಿ ಬರೆದು ಮನೆಪತ್ರ ಇಡುವ ಕಡೆ ಇಡಿ. ವಿಂಡೋಸ್ 11 ಎಷ್ಟೋ ಯಂತ್ರಗಳಲ್ಲಿ ಡಿಸ್ಕಿಗೆ ತಾನೇ ಬೀಗ ಹಾಕಿಕೊಳ್ಳುತ್ತದೆ. ಅದರ ಕೀಲಿ 48 ಅಂಕಿಯದು, ಉಳಿದಿರುವುದು ಆ ಖಾತೆಯಲ್ಲಿ. ಮಗಳ ಗೆಳತಿ ಬಂದು ತನ್ನದೇ ಇಮೇಲ್ ಹಾಕಿ ಸೆಟಪ್ ಮಾಡಿಕೊಟ್ಟಿದ್ದರೆ ಕೀಲಿ ಅವಳ ಬಳಿ ಇರುತ್ತದೆ.

ಇನ್ನು ಫೈಲ್‌ಗಳನ್ನು ತರುವುದು. ಡಾಕ್ಯುಮೆಂಟ್ಸ್, ಡಿ ಡ್ರೈವ್ ಎಲ್ಲರಿಗೂ ನೆನಪಾಗುತ್ತವೆ. ಮರೆಯುವುದು ಡೆಸ್ಕ್‌ಟಾಪ್ ಮೇಲೆ ಹರಡಿದ್ದು, ಡೌನ್‌ಲೋಡ್ಸ್, ಟ್ಯಾಲಿಯ ಡೇಟಾ ಫೋಲ್ಡರ್, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ಮತ್ತು ಫಾಂಟ್‌ಗಳು. ಎಕ್ಸ್‌ಟರ್ನಲ್ ಡಿಸ್ಕ್ ಇದ್ದರೆ ನಕಲು ಮಾಡಿ ತನ್ನಿ. ಸಿಸ್ಟಂ ಆನ್ ಆಗುವುದೇ ಇಲ್ಲವೆಂದರೆ ಅದರ ಡಿಸ್ಕ್ ಬಿಚ್ಚಿ ಸಾಟಾ-ಯುಎಸ್‌ಬಿ ಕೇಬಲ್ ಮೂಲಕ ಜೋಡಿಸಬಹುದು. ಡೆಸ್ಕ್‌ಟಾಪ್‌ನ 3.5 ಇಂಚಿನ ಡಿಸ್ಕಿಗೆ ಗೋಡೆಗೆ ಚುಚ್ಚುವ 12 ವೋಲ್ಟ್ ಅಡಾಪ್ಟರ್ ಜೊತೆಗಿರುವ ಕೇಬಲ್ಲೇ ಬೇಕು. ಅಡಾಪ್ಟರ್ ಇಲ್ಲದ್ದು ಲ್ಯಾಪ್‌ಟಾಪ್ ಡಿಸ್ಕಿಗೆ ಮಾತ್ರ ಸಾಕು.

ಡಿವಿಡಿ ಡ್ರೈವ್ ಲ್ಯಾಪ್‌ಟಾಪ್‌ನಲ್ಲಿ ಇರುವುದಿಲ್ಲ. ಬೀರುವಿನಲ್ಲಿರುವ ಮದುವೆ, ಗೃಹಪ್ರವೇಶದ ಸಿ.ಡಿ.ಗಳನ್ನು ಹಳೇ ಸಿಸ್ಟಂ ಇರುವಾಗಲೇ ನಕಲು ಮಾಡಿಕೊಳ್ಳಿ.

ಈಗ ನುಡಿ. ಹಳೇ ಕಡತ ಹೊಸ ಲ್ಯಾಪ್‌ಟಾಪ್‌ನಲ್ಲಿ ತೆರೆದಾಗ 'ಕನ್ನಡ' ಎಂಬ ಪದ ಇರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಹೀಗೆ ಏನೇನೋ ಕಂಡು "ಫೈಲ್ ಹಾಳಾಯಿತು, ವೈರಸ್" ಎಂದು ಫೋನ್ ಮಾಡುವವರು ಬಹಳ. ಏನೂ ಹಾಳಾಗಿಲ್ಲ. ಆ ಕಡತಗಳು ಆಸ್ಕಿ ಪದ್ಧತಿಯವು: ಇಂಗ್ಲಿಷ್ ಅಕ್ಷರಗಳಿಗೇ ಫಾಂಟ್ ಎಂಬ ಕನ್ನಡದ ವೇಷ ತೊಡಿಸಿದ್ದು. ಫಾಂಟ್ ಇಲ್ಲದ ಕಡೆ ವೇಷ ಕಳಚಿ ಬಿತ್ತು. ಹಳೇ ಸಿಸ್ಟಂನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಎಂದು ಶುರುವಾಗುವ ಎಲ್ಲವನ್ನೂ ತಂದು ಹಾಕಿದರೆ ಕನ್ನಡ ಮರಳುತ್ತದೆ.

ಇಟ್ಟುಕೊಳ್ಳಬೇಕಾದ ಕಡತಗಳನ್ನು ನಿಧಾನವಾಗಿ ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಯೂನಿಕೋಡ್‌ನಲ್ಲಿ ಕನ್ನಡದ ಕ ಎಲ್ಲ ಯಂತ್ರದಲ್ಲೂ ಕ-ವೇ. ಇದಕ್ಕೆ ಪರಿವರ್ತಕಗಳಿವೆ. ಮೂಲ ಕಡತವನ್ನು ಮಾತ್ರ ಅಳಿಸಬೇಡಿ: ನಡುವೆ ಬಂದ ಇಂಗ್ಲಿಷ್ ಪದ, ಇಮೇಲ್ ವಿಳಾಸಗಳು ಪರಿವರ್ತನೆಯಲ್ಲಿ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ. ಅರ್ಕಾವತ್ತಿನ ಪದಗಳನ್ನು ಕಣ್ಣಾರೆ ತಿದ್ದಬೇಕು. ಹೊಸದಾಗಿ ಟೈಪಿಸುವುದಕ್ಕೆ ವಿಂಡೋಸ್‌ನಲ್ಲೇ ಕನ್ನಡ ಕೀಬೋರ್ಡ್ ಇದೆ, ಇನ್‌ಸ್ಕ್ರಿಪ್ಟ್ ಮತ್ತು ಇಂಗ್ಲಿಷ್ ಉಚ್ಚಾರಣೆಯ ಎರಡೂ ಬಗೆಯವು. ಕೆಜಿಪಿ ರೂಢಿಯಾದ ಬೆರಳುಗಳಿಗೆ ನುಡಿಯನ್ನೇ ಯೂನಿಕೋಡ್‌ಗೆ ಹಾಕಿಕೊಳ್ಳುವುದು ಸುಲಭ.

ಟೇಬಲ್ ಮೇಲೆ ಹೊತ್ತು ಹೊತ್ತು ಕೂರುವವರು ಹಳೇ ಮಾನಿಟರ್ ಜೋಡಿಸಿ, ಬೇರೆ ಕೀಬೋರ್ಡ್ ಇಟ್ಟುಕೊಳ್ಳಿ. ಕತ್ತು ಬಗ್ಗಿಸಿ ಲ್ಯಾಪ್‌ಟಾಪ್ ನೋಡುವ ಅಭ್ಯಾಸ ಒಂದೇ ತಿಂಗಳಲ್ಲಿ ನೋವು ತರುತ್ತದೆ.

ಹಂತ 8: ಹಳೇ ಸಿಸ್ಟಂ

ಕೂಡಲೇ ಗುಜರಿಗೆ ಹಾಕಬೇಡಿ. ಇಂಟರ್‌ನೆಟ್ ಕೇಬಲ್ ಕಿತ್ತು ಎರಡು ತಿಂಗಳು ಮೂಲೆಯಲ್ಲಿರಲಿ. ಬಾಡಿಗೆ ಕರಾರಿನ ನಮೂನೆಯೋ ಹೋದ ವರ್ಷದ ರಿಟರ್ನ್ಸೋ ನೆನಪಾಗುವುದು ಆ ಅವಧಿಯಲ್ಲೇ.

ಆಮೇಲೆ ಕೊಡುವಾಗ, 2022ರ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇದು ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕಾದ ಮಾಲು. ದೊಡ್ಡ ಊರುಗಳಲ್ಲಿ ಅವರೇ ಬಂದು ಒಯ್ಯುತ್ತಾರೆ. ಯಾರಿಗೇ ಕೊಟ್ಟರೂ ಹಾರ್ಡ್ ಡಿಸ್ಕ್ ಮಾತ್ರ ಜೊತೆಗೆ ಹೋಗಬಾರದು. ಡಿಲೀಟ್ ಮಾಡಿ ರೀಸೈಕಲ್ ಬಿನ್ ಖಾಲಿ ಮಾಡಿದರೂ ನಿಮ್ಮ ಪಾನ್ ಕಾರ್ಡಿನ ಸ್ಕ್ಯಾನ್ ಅಲ್ಲೇ ಇರುತ್ತದೆ, ಹುಡುಕಿ ತೆಗೆಯುವ ಪುಕ್ಕಟೆ ಸಾಫ್ಟ್‌ವೇರ್‌ಗಳಿವೆ. ಕ್ಯಾಬಿನೆಟ್‌ನ ಎಡಗಡೆ ಬಾಗಿಲು ತೆಗೆದರೆ ಕಾಣುವ, ಪುಸ್ತಕದಷ್ಟು ದಪ್ಪದ ಲೋಹದ ಪೆಟ್ಟಿಗೆಯೇ ಅದು. ಎರಡು ಕೇಬಲ್ ಎಳೆದು ನಾಲ್ಕು ಸ್ಕ್ರೂ ಬಿಚ್ಚಿದರೆ ಕೈಗೆ ಬರುತ್ತದೆ. ಹಳೇ ಬನಿಯನ್ನಿನಲ್ಲಿ ಸುತ್ತಿ, ಮೇಲೆ ತಾರೀಖು ಬರೆದು ಬೀರುವಿನಲ್ಲಿಡಿ.